ಹದಿನೇಳನೆಯ ಸುರುಳಿ

ಬಂಗಾರಪೇಟೆಯಲ್ಲಿ ನಾನು ಬೋರ್‌ವೆಲ್ ಮೋಟರ್ ಸುತ್ತುವವಳು.
ಸಾವಿರದ ಇನ್ನೂರು ಅಡಿಯಿಂದ ಎತ್ತಿ ತಂದ ಕೊಳವೆ,
ಬೆಂದ ವಾರ್ನಿಷ್ಷಿನ ವಾಸನೆ,
ದಿನಾ ಅದೇ.
ಹುಬ್ಬಳ್ಳಿ ಕಡೆಯ ಕುಲಕರ್ಣಿ ಸಾಹೇಬರು
ಅಂಗಡಿ ಮುಂದೆ ಜೀಪು ನಿಲ್ಲಿಸಿ
‘ಕರೆಂಟಿನ ಇಂಜಿನ್ನು, ತುಂಬಾ ಹಳೇದು’ ಅಂದಾಗ
ಎಷ್ಟು ಹೆಚ್‌ಪಿ ಅಂತಷ್ಟೇ ಕೇಳಿದೆ.

ಊರಿಗಾಂ ಸ್ಟೇಷನ್ನಿನ ಹಿಂದೆ ಒಂದು ಶೆಡ್ಡು.
ಬಣ್ಣ ಒಣಗದ ಬೋರ್ಡು: ರೈಲ್ವೆ ಮ್ಯೂಸಿಯಂ.
ಒಳಗೆ ಅದು ನಿಂತಿತ್ತು,
ಎಮ್ಮೆಗಿಂತ ಗೇಣು ಎತ್ತರ, ಎಮ್ಮೆಯಷ್ಟೇ ಬೇಸರ.
ಗಣಿಯ ಸುರಂಗದಲ್ಲಿ ಓಡಿದ್ದು,
ಬಿಸಿಲಿಗೆ ಬಂದ ಮೇಲೇ ತುಕ್ಕು ಹಿಡಿಯಿತಂತೆ.
ಹೊಟ್ಟೆ ಬಿಚ್ಚಿದರೆ ಸೈನೈಡ್ ದಿಬ್ಬದ ಬೂದು ಪುಡಿ,
ಇಲಿ ಮರಿ ಹಾಕಿದ ಗೂಡು,
ಗೂಡಿನೊಳಗೆ ಯಾರದೋ ಶಿಫ್ಟು ಚೀಟಿಯ ಚೂರು.
ಮೆಗ್ಗರ್ ತಿರುವಿದೆ.
ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ.

‘ಓಡೋದೇನೂ ಬೇಡಮ್ಮ, ಹಳದಿ ಬಣ್ಣ ಸಾಕು,
ಮಕ್ಕಳು ಹತ್ತಿ ಫೋಟೋ ತೆಗೆಸಿಕೊಳ್ತಾವೆ.’
ಮತ್ತೆ ನನ್ನನ್ನೇಕೆ ಕರೆದಿರಿ ಸಾಹೇಬರೇ?
ಫೈಲಿನಲ್ಲಿ ‘ಮೋಟರ್ ಪರೀಕ್ಷೆ’ ಅಂತ ಒಂದು ಸಾಲಿತ್ತಂತೆ,
ಅದಕ್ಕೆ.

ಸ್ಟೂಲಿನ ಮೇಲೊಬ್ಬ ಮುದುಕ. ಸೂಸೈನಾಥನ್.
ಒಂದು ಮಾತಿಗೆ ಎರಡು ಉಸಿರು ಬೇಕು ಅವನಿಗೆ,
ಹಾಗಾಗಿ ಮಾತಾಡಲಿಲ್ಲ.
ಚೀಲದಿಂದ ಹಿತ್ತಾಳೆಯ ಹಿಡಿಯೊಂದನ್ನು ತೆಗೆದು
ಇಂಜಿನ್ನಿನ ಹಣೆಗೆ ಸಿಕ್ಕಿಸಿದ.
ಲಟಕ್ ಅಂತ ಕೂತಿತು.
ಗಣಿ ಮುಚ್ಚಿದ ದಿನ ಲುಂಗಿಯಲ್ಲಿ ಸುತ್ತಿ ತಂದದ್ದು,
ಇಷ್ಟು ವರ್ಷ ಅದರಲ್ಲೇ ಶುಂಠಿ ಜಜ್ಜುತ್ತಿದ್ದಳಂತೆ ಅವನ ಹೆಂಡತಿ.
ಮೂಸಿದೆ. ಹೌದು, ಶುಂಠಿ.

ಮೋಟರನ್ನು ಟೆಂಪೋಗೆ ಹಾಕಿಸಿಕೊಂಡು ಬಂದೆ.

ಡೀಸಿ ಕೆಲಸ ನನಗೆ ಕಲಿಸಿದ್ದು ದಸ್ತಗೀರ್ ಸಾಬರು,
ಟೂರಿಂಗ್ ಟಾಕೀಸಿನ ಡೈನಮೋ ಮೇಲೆ.
‘ಹಳೇ ಸುರುಳಿ ಕತ್ತರಿಸಬೇಡ ಅಂಜಿನಮ್ಮ, ಬಿಚ್ಚು’ ಅನ್ನುತ್ತಿದ್ದರು,
‘ಕಟ್ಟಿದವನು ಅದರೊಳಗೇ ಕೂತಿರ್ತಾನೆ.’
ಇವನು ಕೂತಿದ್ದ.
ಹತ್ತಿಪಟ್ಟಿಯ ಗಂಟುಗಳೆಲ್ಲ ತಿರುಗಾಮುರುಗಾ:
ಎಡಚ.
ಅಚ್ಚುಕಟ್ಟಿನ ಕೈ. ಒಂದೊಂದು ಸುರುಳಿಗೂ ನಾಲ್ಕೇ ಸುತ್ತು,
ನಾಲ್ಕು, ನಾಲ್ಕು, ನಾಲ್ಕು,
ಹದಿನೇಳನೆಯದಕ್ಕೆ ಐದು.
ಗಾಡಿಯಲ್ಲಿ ಜಾಗವಿಲ್ಲ, ಹೇಗೋ ತುರುಕಿದ್ದಾನೆ.
ಸೈರನ್ ಕೂಗಿತೋ ಆಗ?
ಕೆಳಗೆ ಬಂಡೆ ಸಿಡಿದು ಮೇಜು ಅದುರಿತೋ?
ಕೇಳಿದರೆ ಸೂಸೈನಾಥನ್ ಬೆರಳು ಮಡಚಿ
ಎಲೆಕ್ಟ್ರಿಕ್ ಶಾಪಿನವರನ್ನೆಲ್ಲ ಎಣಿಸಿದ.
ಟೀ ಲೋಟ ಎಡಗೈಲಿ ಹಿಡಿಯುತ್ತಿದ್ದವನು ಒಬ್ಬನಿದ್ದ,
ಮುಖ ನೆನಪಿದೆ, ಲೋಟ ನೆನಪಿದೆ,
ಹೆಸರು ಮಾತ್ರ...

ನಾನು ನಾಲ್ಕೇ ಸುತ್ತಿದೆ.
ತಪ್ಪು ತಪ್ಪೇ.

ಶನಿವಾರ ಮಧ್ಯಾಹ್ನ, ಲಾರಿ ಬ್ಯಾಟರಿ ನಾಲ್ಕು ಜೋಡಿಸಿ
ಮುದುಕನ ಕೈಗೆ ಹಿಡಿ ಕೊಟ್ಟೆವು.
ಮೊದಲ ಹಲ್ಲು: ಗುಂಯ್.
ಎರಡನೆಯದು: ಎಲ್ಲೋ ಒಂದು ಮೂಳೆ ಮುರಿದಂತೆ ಸದ್ದು,
ಆಮೇಲೆ ಅದು ಹೊರಟಿತು,
ಹಿಂದಕ್ಕೆ.
ಫೀಲ್ಡಿನ ತಂತಿ ಅದಲುಬದಲು ಕೊಟ್ಟಿದ್ದೆ.
ಸಾಹೇಬರು ಬಣ್ಣದ ಡಬ್ಬಿಯ ಮೇಲೆ ಹಾರಿದರು,
ಪೇಂಟರ್ ಹುಡುಗ ಚಪ್ಪಾಳೆ ಹೊಡೆದ,
ನಾನು ನಾಚಿಕೆಯಲ್ಲಿ ಸ್ಪ್ಯಾನರ್ ಹುಡುಕಿದೆ.

ಸೂಸೈನಾಥನ್ ಮಾತ್ರ ಬಗ್ಗಿ
ಬ್ರಷ್ಷಿನ ಕಿಂಡಿಯೊಳಗೆ ಇಣುಕುತ್ತಿದ್ದ.
‘ಕಿಡಿ ಇಲ್ಲ’ ಅಂದ.
ಇರಬಾರದು ತಾತಾ, ಅದಕ್ಕೇ ಸರಿ ಮಾಡಿದ್ದು ಅಂದೆ.
‘ಒಂದು ಕಡೆ ಯಾವಾಗಲೂ ಹಾರುತ್ತಿತ್ತು.’
ಉಸಿರು.
‘ತಲೆ ದೀಪ ಆರಿದರೆ
ಅದರ ಬೆಳಕಲ್ಲೇ ಗಡಿಯಾರ ನೋಡ್ಕೋತಿದ್ವಿ.’
ಇನ್ನೊಂದು ಉಸಿರು.
‘ಚೆನ್ನಾಗಿ ಸುತ್ತಿದ್ದೀಯ.’

ಐದನೆಯ ಸುತ್ತಿನ ತಂತಿ ನನ್ನ ಗಲ್ಲಾಪೆಟ್ಟಿಗೆಯಲ್ಲಿದೆ,
ಮೊಳದುದ್ದ, ಅಂಕುಡೊಂಕು.
ಗುಜರಿಗೆ ಹಾಕಿದರೆ ಇಪ್ಪತ್ತು ರೂಪಾಯಿ ಬರಬಹುದು.